ತೆಗೆಯಲು ಬಲ್ಲವರೇ ಹಚ್ಚಲಿ

ಮದುವೆ ಹುಡುಗಿಯರ ಉಗುರಿಗೆ ಯಾವ ಬಣ್ಣ ಒಪ್ಪುತ್ತದೆಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಪೊಳಲಿ ಜಾತ್ರೆಯ ಚೆಂಡು ಮುಗಿಯಿತೆಂದರೆ ನಮ್ಮಲ್ಲಿ ಮದುವೆಗಳ ಸಾಲು. ಕೈಕಂಬ, ಬಿ.ಸಿ.ರೋಡಿನ ಪಾರ್ಲರುಗಳಿಗೆ ಬಿಡುವೇ ಇರುವುದಿಲ್ಲ. ಬಣ್ಣದ ವಿಚಾರಕ್ಕೆ ಒಂದೇ ಮಾತು ಸಾಕು: ಮದರಂಗಿಯ ಕೆಂಪಿನ ಪಕ್ಕದಲ್ಲಿ ತಿಳಿಗುಲಾಬಿ ಗೆಲ್ಲುತ್ತದೆ, ಹೊಳೆಯುವ ಕಲ್ಲುಗಳು ಸೋಲುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಮದುವೆ ಕಳೆದು ಎರಡು ಮೂರು ವಾರಕ್ಕೆ ಉಗುರಿಗೆ ಹಚ್ಚಿಸಿದ ಜೆಲ್ ಬಣ್ಣ ತೆಗೆಸುವ ಕೆಲಸ.

ಹಚ್ಚುವ ಕೈಗಿಂತ ತೆಗೆಯುವ ಕೈಗೇ ನಾನು ಹೆಚ್ಚು ಬೆಲೆ ಕೊಡುವುದು. ಕಸುಬು ಬಲ್ಲ ಹುಡುಗಿ ಮೊದಲು ಮೇಲಿನ ಹೊಳಪನ್ನಷ್ಟೇ ಫೈಲಿನಿಂದ ಉಜ್ಜುತ್ತಾಳೆ. ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ, 10–15 ನಿಮಿಷ ಬಿಡುತ್ತಾಳೆ. ಬಿಚ್ಚಿದಾಗ ಜೆಲ್ ಸುಕ್ಕುಗಟ್ಟಿ ಅಂಚಿನಿಂದ ಎದ್ದಿರುತ್ತದೆ. ಮರದ ಕಡ್ಡಿಯಿಂದ ಮೆಲ್ಲನೆ ತಳ್ಳಿದರೆ ಬಂದುಬಿಡುತ್ತದೆ. ಬಾರದಿದ್ದರೆ ಕೆರೆಯುವುದಿಲ್ಲ, ಮತ್ತೆ ಸುತ್ತುತ್ತಾಳೆ. ಕೊನೆಗೆ ಉಗುರಿನ ಬುಡಕ್ಕೆ ಎಣ್ಣೆ ತಿಕ್ಕುತ್ತಾಳೆ. ನಮ್ಮ ತೆಂಗಿನೆಣ್ಣೆಯೇ ಸಾಕು.

ಡ್ರಿಲ್ ಯಂತ್ರದಿಂದ ಕ್ಷಣದಲ್ಲಿ ಜೆಲ್ ಕೆರೆದು ಮುಗಿಸುತ್ತೇವೆ ಎನ್ನುವ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಪಳಗಿದ ಕೈಯಲ್ಲಿ ಆ ಯಂತ್ರ ಒಳ್ಳೆಯದೇ. ಅವಸರದ ಕೈಯಲ್ಲಿ ಅದು ಜೆಲ್ಲಿನ ಜೊತೆಗೆ ಉಗುರನ್ನೂ ತಿನ್ನುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಬುಡದಿಂದ ತುದಿ ಮುಟ್ಟಲು ಆರು ತಿಂಗಳಾದರೂ ಬೇಕು. ಕಾಲು ಗಂಟೆ ಉಳಿಸಿದ್ದಕ್ಕೆ ಆರು ತಿಂಗಳ ದಂಡ. ಈ ಸೀಮೆಯ ಹೆಂಗಸರು ಕಾಯಿ ತುರಿಯಬೇಕು, ಬೀಡಿ ಕಟ್ಟಬೇಕು, ಮಲ್ಲಿಗೆ ನೇಯಬೇಕು. ತೆಳ್ಳಗಾದ ಉಗುರು ಅದನ್ನೆಲ್ಲ ತಾಳದು.

ಜೆಲ್ ಹಚ್ಚುವ ಪಾರ್ಲರಿನ ಹುಡುಗಿಯ ಕೈಯ ಬಗ್ಗೆಯೂ ಯೋಚಿಸಬೇಕು. ಗಟ್ಟಿಯಾಗದ ಜೆಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅದರಲ್ಲಿನ ಅಕ್ರಿಲೇಟಿಗೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಹೋಗುವುದಿಲ್ಲ, ಕಸುಬನ್ನೇ ಬಿಡಬೇಕಾದೀತು. ಜೆಲ್ಲನ್ನು ದೀಪದಡಿ ಗಟ್ಟಿಯಾಗಿಸಲು ಬೆರೆಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಇಲ್ಲಿಯೂ ಬಾಟಲಿಯ ಚೀಟಿ ಓದಿ ಕೊಳ್ಳುವುದು, ಕೈಗವಸು ಹಾಕಿಕೊಳ್ಳುವುದು ರೂಢಿಯಾಗಬೇಕು.

ಓದುಗರೇ, ಕೈ ಚಾಚುವ ಮೊದಲು "ತೆಗೆಯುವುದು ಹೇಗಮ್ಮಾ?" ಎಂದು ಕೇಳಿ. ಸರಿಯಾದ ಉತ್ತರ ಬಂದರೆ ಮಾತ್ರ ಕುಳಿತುಕೊಳ್ಳಿ. ಹಚ್ಚಿದ್ದಕ್ಕೆ ಕೊಟ್ಟಂತೆ ತೆಗೆದದ್ದಕ್ಕೂ ದುಡ್ಡು ಕೊಡಿ.