ಉಮುವೋಫಿಯಾದ ಸಂತೆಮಾಳ

ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ೧೯೫೮ರಲ್ಲಿ ಹೊರಬಂದ ಕಾದಂಬರಿ. ಅದನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಒಕೊಂಕ್ವೊ ಎಂಬ ವೀರನ ಏಳುಬೀಳುಗಳ ಸುತ್ತಲೇ ಸುತ್ತುತ್ತ ಬಂದಿದೆ. ಪಾಠ ಹೇಳುವ ನಮ್ಮಂಥವರೂ ದುರಂತ ನಾಯಕನೆಂಬ ಸಿದ್ಧ ಅಚ್ಚಿನಲ್ಲಿ ಅವನನ್ನು ಎರಕ ಹೊಯ್ದು, ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಕ್ಕೆ ಇಳಿಸಿ ಕೈತೊಳೆದುಕೊಳ್ಳುತ್ತೇವೆ. ನನಗಾದರೋ ಈ ಪುಸ್ತಕದ ಜೀವ ಇರುವುದು ಅವನ ಊರಾದ ಉಮುವೋಫಿಯಾದ ಸಂತೆಮಾಳದಲ್ಲಿ ಎಂದು ತೋರುತ್ತದೆ. ಅಲ್ಲಿ ಜನ ಹೇಗೆ ಸೇರಿದರು, ಹೇಗೆ ಮಾತನಾಡಿದರು, ಹೇಗೆ ತೀರ್ಮಾನಕ್ಕೆ ಬಂದರು ಎಂಬುದನ್ನು ಹಿಡಿದು ಓದಿದರೆ ಕಥೆ ಬೇರೆಯಾಗಿಯೇ ಕಾಣುತ್ತದೆ.

ಕಥೆ ನಡೆಯುವುದು ಈಗಿನ ನೈಜೀರಿಯಾದ ಆಗ್ನೇಯ ಭಾಗದಲ್ಲಿ, ಇಗ್ಬೊ ಜನರ ನಡುವೆ, ಬ್ರಿಟಿಷರು ಅಲ್ಲಿಗೆ ಕಾಲಿಡುವ ಹೊತ್ತಿನಲ್ಲಿ. ಉಮುವೋಫಿಯಾ ಒಂಬತ್ತು ಹಳ್ಳಿಗಳ ಕೂಟ. ಅದಕ್ಕೆ ರಾಜನಿಲ್ಲ. ನೆರೆಯೂರಿನವರು ತಮ್ಮ ಹೆಣ್ಣುಮಗಳೊಬ್ಬಳನ್ನು ಕೊಂದಾಗ, ರಾತ್ರಿ ಡಂಗುರದವನು ಗಂಟೆ ಬಡಿದು ಸಾರುತ್ತಾನೆ. ಬೆಳಗಾದರೆ ಹತ್ತು ಸಾವಿರ ಗಂಡಸರು ಸಂತೆಮಾಳದಲ್ಲಿ ನೆರೆಯುತ್ತಾರೆ. ಮಾತನಾಡಲೆದ್ದವನು ನಾಲ್ಕು ಸಲ, ಒಂದೊಂದು ಸಲ ಒಂದೊಂದು ಕಡೆಗೆ ತಿರುಗಿ, ಊರನ್ನು ಕೂಗಿ ಕರೆಯುತ್ತಾನೆ, ಊರು ಓಗೊಡುತ್ತದೆ, ಮಾತು ಆಮೇಲೆ. ಯಾವ ಮೂಲೆಯಲ್ಲಿ ನಿಂತವನೂ ತನ್ನನ್ನು ಕರೆಯಲಿಲ್ಲವೆಂದು ಹೇಳುವಂತಿಲ್ಲ. ಕೋಪ ಕುದಿಯುತ್ತಿದ್ದರೂ ಅವರು ಕೂಡಲೇ ಈಟಿ ಹಿಡಿದು ಹೊರಡುವುದಿಲ್ಲ. ಯುದ್ಧ ಬೇಕೋ, ಇಲ್ಲವೇ ಒಬ್ಬ ಹುಡುಗನನ್ನೂ ಒಬ್ಬ ಕನ್ಯೆಯನ್ನೂ ಪರಿಹಾರವಾಗಿ ಒಪ್ಪಿಸುವಿರೋ ಎಂದು ಕೇಳಿ ಕಳುಹಿಸುತ್ತಾರೆ. ತನ್ನ ಪಕ್ಷ ನ್ಯಾಯವಾದುದೆಂದು ದೈವವಾಣಿ ಒಪ್ಪದ ಹೊರತು ಈ ಊರು ಯುದ್ಧಕ್ಕೆ ಇಳಿಯದು.

ಇದಕ್ಕಿಂತ ಸೊಗಸಾದದ್ದು ಉಜೊವುಲುವಿನ ವ್ಯಾಜ್ಯ. ಅವನು ಹೆಂಡತಿಯನ್ನು ಬಡಿದು ಬಡಿದು ಹಣ್ಣುಮಾಡಿದ್ದಾನೆ. ಅವಳ ಒಡಹುಟ್ಟಿದವರು ಬಂದು ಅವಳನ್ನು ಕರೆದುಕೊಂಡು ಹೋಗಿದ್ದಾರೆ. ಕೊಟ್ಟ ತೆರವನ್ನು ಹಿಂದಿರುಗಿಸಿ ಎಂದು ಅವನ ಪಟ್ಟು. ನ್ಯಾಯ ಹೇಳಲು ಕುಳಿತವರು ಒಂಬತ್ತು ಹಳ್ಳಿಗಳ ಪರವಾಗಿ ಒಂಬತ್ತು ಮುಖವಾಡಧಾರಿಗಳು. ಇವರು ಪಿತೃಗಳು, ನೆಲದೊಳಗಿಂದ ಎದ್ದು ಬಂದವರು ಎಂದು ಊರಿನ ನಂಬಿಕೆ. ಎರಡನೆಯ ಮುಖವಾಡದ ನಡಿಗೆ ತಮ್ಮ ಗಂಡನದೇ ಎಂದು ಒಕೊಂಕ್ವೊನ ಹೆಂಡಿರಿಗೆ ತಿಳಿಯದೆ ಇಲ್ಲ. ಅವರು ಅದನ್ನು ಬಾಯಿಬಿಟ್ಟು ಆಡುವುದಿಲ್ಲ. ತೀರ್ಪಿಗೆ ಯಾವನ ಹೆಸರೂ ಅಂಟಿಕೊಳ್ಳಬಾರದೆಂಬುದಕ್ಕಾಗಿಯೇ ಊರೆಲ್ಲ ಸೇರಿ ಕಾಪಾಡುವ ಗುಟ್ಟು ಇದು. (ನಮ್ಮ ಎಷ್ಟೋ ಸಮಿತಿಗಳಲ್ಲಿ ನಿರ್ಣಯ ಮೊದಲು ಬೆರಳಚ್ಚಾಗುತ್ತದೆ, ಸಭೆ ಆಮೇಲೆ ಸೇರುತ್ತದೆ, ಅಧ್ಯಕ್ಷರ ಹೆಸರು ಮಾತ್ರ ದಪ್ಪಕ್ಷರದಲ್ಲಿರುತ್ತದೆ.) ತೀರ್ಪಾದರೂ ಏನು? ಒಂದು ಗಡಿಗೆ ಹೆಂಡ ಹೊತ್ತುಕೊಂಡು ಮಾವನ ಮನೆಗೆ ಹೋಗು, ಹೆಂಡತಿಯನ್ನು ಬೇಡಿಕೊ. ಇಷ್ಟು ಸಣ್ಣ ಜಗಳ ಇಲ್ಲಿಯವರೆಗೆ ಬರಬೇಕಿತ್ತೆ ಎಂದು ಹಿರಿಯನೊಬ್ಬ ಗೊಣಗಿದಾಗ, ಆ ಮನುಷ್ಯ ಬೇರೆ ಯಾರ ಮಾತನ್ನೂ ಕೇಳುವವನಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ಮನೆಯ ಮಾತಿಗೆ ಬಗ್ಗದವನು ಊರಿನ ಎದುರು ನಿಲ್ಲಲೇಬೇಕು.

ಹಾಗಾದರೆ ಊರು ಹೇಳಿದ್ದೇ ವೇದವೆ? ಪರಿಹಾರವಾಗಿ ಬಂದ ಹುಡುಗ ಇಕೆಮೆಫುನನನ್ನು ಕೊಲ್ಲಬೇಕೆಂದು ದೈವವಾಣಿಯಾಯಿತು, ಊರು ಒಪ್ಪಿತು. ಮೂರು ವರ್ಷ ತನ್ನ ಮನೆಯಲ್ಲಿ ಬೆಳೆದು ತನ್ನನ್ನು ಅಪ್ಪ ಎಂದು ಕರೆಯುತ್ತಿದ್ದ ಆ ಹುಡುಗನ ಮೇಲೆ ಒಕೊಂಕ್ವೊ ತಾನೇ ಕತ್ತಿಯೆತ್ತುತ್ತಾನೆ. ಇದರಲ್ಲಿ ಕೈಹಾಕಬೇಡವೆಂದು ಊರಿನ ಅತಿ ಹಿರಿಯ ಮೊದಲೇ ಎಚ್ಚರಿಸಿದ್ದ. ಗೆಳೆಯ ಒಬಿಯೆರಿಕಾ ಮನೆಯಲ್ಲೇ ಉಳಿದ. ದೈವದ ಮಾತನ್ನು ತಾನು ಅಲ್ಲಗಳೆಯುವುದಿಲ್ಲ, ಅದನ್ನು ನಡೆಸುವ ಕೈಯೂ ತನ್ನದಾಗುವುದಿಲ್ಲ ಎಂಬುದು ಅವನ ನಿಲುವು. ಯಾರೂ ಅವನನ್ನು ದ್ರೋಹಿಯೆನ್ನಲಿಲ್ಲ. ಬಹುಮತವಾದೊಡನೆ ಉಳಿದವರೆಲ್ಲ ಕೈಜೋಡಿಸಲೇಬೇಕೆನ್ನುವ ನಮ್ಮ ಸಂಘಸಂಸ್ಥೆಗಳಿಗೆ ಈ ಒಂದು ಬಾಗಿಲಿನ ಕಲ್ಪನೆಯೇ ಇಲ್ಲ.

ಅಚಿಬೆಯವರು ತಮ್ಮವರ ಪದ್ಧತಿಯನ್ನು ಹೊಗಳುವ ವಂದಿಮಾಗಧರಲ್ಲ. ಅದಕ್ಕೇ ಅವರ ಮಾತಿಗೆ ತೂಕ. ಆ ವ್ಯಾಜ್ಯದ ದಿನ ಹೆಂಗಸರು ಹೊರಗಿನವರಂತೆ ಅಂಚಿನಲ್ಲಿ ನಿಂತಿರುತ್ತಾರೆ. ಏಟು ತಿಂದವಳ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ದೇವರಿಗೆ ಮುಡಿಪಾದವರೆಂದು ದೂರವಿಟ್ಟ ‘ಒಸು’ಗಳಿಗೆ ಸಭೆಗೆ ಬರುವ ಹಕ್ಕೇ ಇಲ್ಲ. ಅವಳಿ ಮಕ್ಕಳನ್ನು ಕಾಡಿಗೆ ಎಸೆಯುವ ವಾಡಿಕೆ. ಪಾದ್ರಿಗಳು ಬಂದಾಗ ಅವರ ಕಡೆಗೆ ನಡೆದವರು ಯಾರು? ನಾಲ್ಕು ಸಲ ಅವಳಿಗಳನ್ನು ಹೆತ್ತು ನಾಲ್ಕು ಸಲವೂ ಕಳೆದುಕೊಂಡ ಹೆಂಗಸು, ಒಸುಗಳು, ಇಕೆಮೆಫುನನನ್ನು ಮರೆಯಲಾರದ ಒಕೊಂಕ್ವೊನ ಮಗ. ಸಭೆ ಎಣಿಸದೆ ಬಿಟ್ಟವರು ಎದ್ದುಹೋದರು, ಮನೆಯ ತೊಲೆ ಅಲ್ಲಿಂದಲೇ ಜಗ್ಗಿತು.

ಅಂಚಿನಲ್ಲಿ ನಿಂತವರು ನಡುವಿಗೆ ಬಂದ ಉದಾಹರಣೆಯೂ ಇದೆ, ನಮ್ಮ ದೇಶದಲ್ಲೇ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಅಗೆಯಬಹುದೇ ಎಂಬ ವಿಷಯದಲ್ಲಿ ಅಲ್ಲಿನವರ ದೈವದ ಹಕ್ಕನ್ನು ಗ್ರಾಮಸಭೆಗಳೇ ಪರಿಶೀಲಿಸಲಿ ಎಂದು ಸುಪ್ರೀಂ ಕೋರ್ಟು ೨೦೧೩ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಆ ವರ್ಷ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ೧೨ ಹಳ್ಳಿಗಳು, ನ್ಯಾಯಾಧೀಶರ ಸಮಕ್ಷಮದಲ್ಲಿ, ಒಂದಾದಮೇಲೊಂದು ಸಭೆ ಸೇರಿದವು. ಡೊಂಗರಿಯಾ ಕೊಂಧ ಹೆಂಗಸರೂ ಎದ್ದುನಿಂತು ಮಾತನಾಡಿದರು. ಹನ್ನೆರಡೂ ಹಳ್ಳಿಗಳು ಬೇಡವೆಂದವು. ಬೆಟ್ಟ ಉಳಿಯಿತು.

ಅಲ್ಲಿ ಸಭೆಗಳು ಮುಗಿಯುವವರೆಗೆ ನಡೆದವು. ಉಮುವೋಫಿಯಾದ ಕೊನೆಯ ಸಭೆ ಹಾಗೆ ಮುಗಿಯಲಿಲ್ಲ. ಮಾತುಕತೆಗೆಂದು ಕರೆಸಿ ಆರು ಮಂದಿ ಮುಖಂಡರಿಗೆ ಬೇಡಿ ತೊಡಿಸಿದ ಜಿಲ್ಲಾಧಿಕಾರಿ, ೨೦೦ ಚೀಲ ಕವಡೆ ದಂಡ ಹಾಕಿದ್ದಾನೆ. ಅವನ ಜವಾನರು ಊರಿಗೆ ೨೫೦ ಎಂದು ಹೇಳಿ ನಡುವಿನದನ್ನು ನುಂಗಿದ್ದಾರೆ. ಅವಮಾನದಿಂದ ಬೆಂದ ಊರು ಮತ್ತೆ ಸಂತೆಮಾಳದಲ್ಲಿ ಸೇರಿದೆ. ತಮ್ಮವರ ಮೇಲೆಯೇ ಕೈಯೆತ್ತಬೇಕಾದರೂ ಈಗ ಹಿಂಜರಿಯಬಾರದು ಎಂದು ಒಕಿಕಾ ವಾದಿಸುತ್ತಿದ್ದಾನೆ. ಅಷ್ಟರಲ್ಲಿ ಐವರು ಜವಾನರು ಬರುತ್ತಾರೆ. ಸಭೆ ನಿಲ್ಲಿಸಬೇಕೆಂದು ದೊರೆಯ ಅಪ್ಪಣೆ ಎನ್ನುತ್ತಾರೆ. ಒಕೊಂಕ್ವೊನ ಕತ್ತಿ ಅವರ ಮುಖ್ಯಸ್ಥನ ತಲೆ ಹಾರಿಸುತ್ತದೆ.

ಸಭೆ ನಿಂತಿತು. ದೊರೆಯ ಅಪ್ಪಣೆಯನ್ನು ನೆರವೇರಿಸಿದವನು ಅವನ ಕಡುವೈರಿಯಾದ ಒಕೊಂಕ್ವೊ! ಊರು ಹಿಂಜರಿದರೆ ತಾನೊಬ್ಬನೇ ಸೇಡು ತೀರಿಸಿಕೊಳ್ಳುವೆನೆಂದು ಅವನು ಹಿಂದಿನ ರಾತ್ರಿಯೇ ನಿಶ್ಚಯಿಸಿದ್ದ. ಊರು ಏನೆನ್ನುವುದೆಂದು ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ. ಉಳಿದ ನಾಲ್ವರನ್ನು ಜನ ತಪ್ಪಿಸಿಕೊಳ್ಳಲು ಬಿಟ್ಟದ್ದನ್ನು ಹೇಡಿತನವೆಂದು ಹಲವರು ಓದುತ್ತಾರೆ, ಒಕೊಂಕ್ವೊ ಕೂಡ ಹಾಗೆಯೇ ಓದಿದ. ಆ ಗದ್ದಲದಲ್ಲಿ ಕೇಳಿಬರುವ ಮಾತನ್ನು ಗಮನಿಸಬೇಕು. ಅವನೇಕೆ ಹೀಗೆ ಮಾಡಿದ ಎಂದು ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದಾರೆ. ಕತ್ತಿ ಬಿದ್ದ ಮೇಲೂ ಅವರು ಚರ್ಚೆಯನ್ನು ಬಿಟ್ಟಿಲ್ಲ. ಆ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕಾದಂಬರಿಯಲ್ಲಿ ಊರು ಮತ್ತೆ ಸೇರುವುದಿಲ್ಲ.