ಲಿಲಿಯೆಕ್ವಿಸ್ಟ್ ಪೊರೆ

ಮಿದುಳಿನ ಚಿತ್ರವನ್ನು ಎಲ್ಲರೂ ಮೇಲಿನಿಂದಲೇ ಬಿಡಿಸುತ್ತಾರೆ: ಸುರುಳಿ ಸುರುಳಿ ಮಡಿಕೆ, ನಡುವೆ ಒಂದು ಸೀಳು. ಕಣ್ಣಿಗೆ ನಿಜವಾದ ಹಬ್ಬ ಇರುವುದು ಅದರ ತಳದಲ್ಲಿ. ಮೂಗಿನ ಮೇಲ್ಗಡೆ, ಕಣ್ಣುಗಳ ಹಿಂದೆ, ತಲೆಬುರುಡೆಯ ನೆಲದ ಮೇಲೆ ಮಿದುಳು ಕೂತಿರುವ ಜಾಗವದು. ದೃಷ್ಟಿನರಗಳು, ಮಿದುಳಿಗೆ ರಕ್ತ ತರುವ ದೊಡ್ಡ ನಾಳಗಳು, ಕಣ್ಣುಗುಡ್ಡೆ ತಿರುಗಿಸುವ ನರಗಳು, ಪಿಟ್ಯುಟರಿ ಗ್ರಂಥಿಯ ತೊಟ್ಟು ಎಲ್ಲವೂ ಅಲ್ಲಿ ಒತ್ತೊತ್ತಾಗಿ ಸೇರಿವೆ. ಹಾಗಿದ್ದೂ ಒಂದರ ಮೈಗೆ ಇನ್ನೊಂದು ಅಂಟಿಲ್ಲ. ಪ್ರತಿಯೊಂದಕ್ಕೂ ಅದರದರ ಕೋಣೆ ಇದೆ, ಕೋಣೆಗೆ ಗೋಡೆ ಇದೆ. ಆ ಗೋಡೆಗಳೇ ಪೊರೆಗಳು.

ಮಿದುಳಿಗೆ ಹೊದಿಕೆ ಮೂರು. ಹೊರಗಿನ ಡ್ಯೂರಾ ದಪ್ಪ, ಗಟ್ಟಿ. ಕತ್ತರಿಸಿದರೆ ಮತ್ತೆ ಹೊಲಿಯಬಹುದು. ಒಳಗಿನ ಪಯಾ ಮಿದುಳಿಗೇ ಅಂಟಿಕೊಂಡು ಒಂದೊಂದು ಮಡಿಕೆಯೊಳಗೂ ಇಳಿಯುತ್ತದೆ. ನನಗೆ ಮೆಚ್ಚುಗೆಯಾದದ್ದು ನಡುವಿನದು, ಅರಾಕ್ನಾಯ್ಡ್. ಈರುಳ್ಳಿಯ ಎರಡು ಪದರಗಳ ನಡುವಿನ ಒದ್ದೆ ತೆಳುಪೊರೆಯನ್ನು ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದು ನೋಡಿದವರಿಗೆ ಇದು ಹೇಗಿದ್ದೀತೆಂಬ ಅಂದಾಜು ಸಿಗುತ್ತದೆ. ಅರಾಕ್ನಾಯ್ಡಿಗೆ ಮಡಿಕೆಗಳೊಳಗೆ ಇಳಿಯುವ ಹಟವಿಲ್ಲ. ಅದು ಮೇಲಿಂದ ಮೇಲೆ ಹಾಯುತ್ತದೆ. ಹೀಗಾಗಿ ಅದಕ್ಕೂ ಪಯಾಕ್ಕೂ ನಡುವೆ ಜಾಗ ಉಳಿಯುತ್ತದೆ, ಆ ಜಾಗದಲ್ಲಿ ತಿಳಿಯಾದ ದ್ರವ ತುಂಬಿರುತ್ತದೆ. ಒಟ್ಟು ಸುಮಾರು 150 ಮಿಲಿಲೀಟರ್. ದಿನಕ್ಕೆ ಹೊಸದಾಗಿ ಊರುವುದು ಸುಮಾರು ಅರ್ಧ ಲೀಟರ್. ಅಂದರೆ ತಲೆಯೊಳಗಿನ ನೀರು ದಿನಕ್ಕೆ ಮೂರು ಸಲ ಬದಲಾಗುತ್ತದೆ. ಬುರುಡೆಯ ತಳದಲ್ಲಿ ಈ ಜಾಗ ಅಗಲವಾಗಿ ಸಣ್ಣ ಸಣ್ಣ ಮಡುಗಳಾಗುತ್ತದೆ. ವೈದ್ಯರು ಅವನ್ನು ಸಿಸ್ಟರ್ನ್ ಎನ್ನುತ್ತಾರೆ. ಮಡುವಿನಿಂದ ಮಡುವಿಗೆ ಅಡ್ಡಲಾಗಿ ಮತ್ತೆ ಅದೇ ಅರಾಕ್ನಾಯ್ಡಿನ ತೆರೆ, ಎಳೆ, ಜಾಲ.

ಬಹುಕಾಲ ಸರ್ಜನ್ನರ ಕಣ್ಣಿಗೆ ಇದು ಹರಿದು ಆಚೆ ಹಾಕುವ ಕಸವಾಗಿತ್ತು. ಆ ನೋಟವನ್ನು ತಿದ್ದಿದವರಲ್ಲಿ ಮುಖ್ಯರು ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಟರ್ಕಿ ಮೂಲದ ಗಾಜಿ ಯಾಸರ್ಗಿಲ್. ಆಪರೇಷನ್ ಮೈಕ್ರೊಸ್ಕೋಪಿನಡಿ ತಾವು ಕಂಡ ಸಿಸ್ಟರ್ನುಗಳನ್ನು ಅವರು 1976ರಲ್ಲಿ ಒಂದೊಂದಾಗಿ ವಿವರಿಸಿ ಬರೆದರು. ಅವರ ಉಪಾಯ ಕೇಳಲು ಸರಳ. ಮಿದುಳನ್ನು ಲೋಹದ ಪಟ್ಟಿಯಿಂದ ಎಳೆದು ಹಿಡಿದು ದಾರಿ ಮಾಡಿಕೊಳ್ಳುವ ಬದಲು ಮೊದಲು ಪೊರೆ ಬಿಡಿಸಿ ನೀರು ಇಳಿಸಿ. ಮಿದುಳು ತಾನೇ ಸಡಿಲವಾಗಿ ದಾರಿ ಕೊಡುತ್ತದೆ. ಸಂದಿಗಳಲ್ಲೇ ನಡೆದರೆ ಮಿದುಳನ್ನು ಕೊಯ್ಯದೆಯೇ ಅದರ ತಳ ಮುಟ್ಟಬಹುದು. ಇಪ್ಪತ್ತನೆಯ ಶತಮಾನದ ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕಿಂತ ನಾಜೂಕಾದ ಯೋಚನೆಯನ್ನು ನಾನಂತೂ ಕಂಡಿಲ್ಲ.

ಈ ಪೊರೆಗಳಲ್ಲಿ ಅತಿ ಸೊಗಸಿನದಕ್ಕೆ ಲಿಲಿಯೆಕ್ವಿಸ್ಟ್ ಎಂದು ಹೆಸರು. ಸ್ವೀಡನ್ನಿನ ಬೆಂಗ್ಟ್ ಲಿಲಿಯೆಕ್ವಿಸ್ಟ್ ಕತ್ತಿ ಹಿಡಿದವರಲ್ಲ, ಎಕ್ಸ್‌ರೇ ವೈದ್ಯರು. ಮೃತದೇಹಗಳಲ್ಲಿ ಮಿದುಳಿನ ಸುತ್ತಲಿನ ದ್ರವದ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆದರು. ಗಾಳಿ ಒಂದು ಕಡೆ ಬಂದು ತಡೆದು ನಿಲ್ಲುತ್ತಿತ್ತು. ಏನೂ ಕಾಣದ ಕಡೆ ಏನೋ ಅಡ್ಡ ಇದೆ ಎಂದು 1956ರಲ್ಲಿ ಬರೆದರು. ಅದೇ ಸ್ವೀಡನ್ನಿನ ಕೀ ಮತ್ತು ರೆಟ್ಸಿಯಸ್ 1875ರಷ್ಟು ಹಿಂದೆಯೇ ಬಣ್ಣ ಹಾಯಿಸಿ ಈ ತೆರೆಯನ್ನು ತೋರಿಸಿದ್ದರು. ಹೆಸರು ಮಾತ್ರ ಗಾಳಿ ತುಂಬಿದವರಿಗೆ ಹೋಯಿತು.

ಪಿಟ್ಯುಟರಿ ಕೂತಿರುವ ಮೂಳೆಯ ಗುಳಿಗೆ ಹಿಂದೊಂದು ಬೆನ್ನು ಇದೆ. ಲಿಲಿಯೆಕ್ವಿಸ್ಟ್ ಪೊರೆ ಅಲ್ಲಿಂದ ಏಳುತ್ತದೆ. ಎದ್ದು ಎರಡು ಹಾಳೆಯಾಗಿ ಬಿಚ್ಚಿಕೊಂಡು, ಒಂದು ಮೇಲಕ್ಕೆ ಮಿದುಳಿನ ತಳದ ಎರಡು ಪುಟ್ಟ ಗುಬುಟುಗಳ ಕಡೆಗೆ, ಇನ್ನೊಂದು ಹಿಂದಕ್ಕೆ ಮಿದುಳುಕಾಂಡದ ಕಡೆಗೆ ಹೋಗುತ್ತದೆ. ಎರಡೂ ಪಕ್ಕದಲ್ಲಿ ಕಣ್ಣು ತಿರುಗಿಸುವ ಮೂರನೆಯ ನರವನ್ನು ಹಿಡಿದುಕೊಳ್ಳುತ್ತದೆ. ಹಾಳೆ ಎರಡೋ ಮೂರೋ ಎಂದು ಅಂಗರಚನಾ ಪಂಡಿತರು ಇನ್ನೂ ಜಗಳವಾಡುತ್ತಾರೆ. ಇಷ್ಟು ತೆಳುವಾದುದಕ್ಕೆ ಇಷ್ಟು ಜಗಳ ಶೋಭಿಸುತ್ತದೆ.

ಆಪರೇಷನ್ ವಿಡಿಯೊಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಕ್ಷಣವೊಂದಿದೆ. ಬಿಳಿಯ ದೃಷ್ಟಿನರಕ್ಕೂ ಅದರ ಪಕ್ಕ ಮಿಡಿಯುವ ಕ್ಯಾರೋಟಿಡ್ ನಾಳಕ್ಕೂ ನಡುವೆ ಒಂದು ಕಿರಿದಾದ ತ್ರಿಕೋನ. ಅದರ ಆಳದಲ್ಲಿ ಪೊರೆ ಬಿಗಿದು ನಿಂತಿದೆ. ಎದೆಬಡಿತಕ್ಕೆ ಸರಿಯಾಗಿ ಉಬ್ಬುತ್ತದೆ, ಇಳಿಯುತ್ತದೆ, ದೀಪದ ಬೆಳಕು ಅದರ ಮೇಲೆ ಜಾರುತ್ತದೆ. ಕತ್ತರಿಯ ತುದಿ ಒಂದು ಎಳೆಯನ್ನು ಕಡಿಯುತ್ತದೆ. ಎಳೆಯುವುದಿಲ್ಲ, ಕಡಿಯುತ್ತದೆ. ಎಳೆದರೆ ಆ ಎಳೆಯ ಇನ್ನೊಂದು ತುದಿಯಲ್ಲಿ ಕೂದಲಿಗಿಂತ ತುಸು ದಪ್ಪದ ರಕ್ತನಾಳ ಕಿತ್ತು ಬಂದೀತು. ಅಂಥದ್ದೊಂದು ಹೋದರೆ ರೋಗಿ ಎಚ್ಚರವಾಗದೇ ಹೋಗಬಹುದು. ಪೊರೆ ಬಿಚ್ಚುತ್ತಲೇ ತಿಳಿನೀರು ನುಗ್ಗುತ್ತದೆ, ಅದರಾಚೆ ಕೆಂಪಗೆ, ಮಿದುಳುಕಾಂಡದ ಮುಂದೆ ಹಾಯುವ ಬ್ಯಾಸಿಲರ್ ನಾಳದ ನೆತ್ತಿ.

ಮಿದುಳಿನಲ್ಲಿ ನೀರು ತುಂಬಿಕೊಂಡ ಮಕ್ಕಳಿಗೆ ಇದೇ ಪೊರೆ ಇನ್ನೊಂದು ದಿಕ್ಕಿನಿಂದ ಎದುರಾಗುತ್ತದೆ. ಎಂಡೊಸ್ಕೋಪನ್ನು ಒಳಗಿಳಿಸಿ ಮಿದುಳಿನೊಳಗಿನ ನೀರಿನ ಕೋಣೆಗಳಲ್ಲೊಂದಾದ ಮೂರನೆಯ ಕುಹರದ ನೆಲಕ್ಕೆ ತೂತು ಮಾಡುತ್ತಾರೆ, ಕಟ್ಟಿಕೊಂಡ ನೀರಿಗೆ ಹೊಸ ದಾರಿಯಾಗಲೆಂದು. ತೂತಿನ ಕೆಳಗೆ ಲಿಲಿಯೆಕ್ವಿಸ್ಟ್ ಪೊರೆ ಹರಿಯದೆ ಉಳಿದರೆ ನೀರು ಮುಂದೆ ಹೋಗದು, ಪಟ್ಟ ಪಾಡೆಲ್ಲ ವ್ಯರ್ಥ. ಬಲ್ಲವರು ಅದನ್ನೂ ತೆರೆದು, ಬ್ಯಾಸಿಲರ್ ನಾಳ ಮರೆಯಿಲ್ಲದೆ ಕಾಣುವವರೆಗೆ ಹಿಂದೆ ಸರಿಯುವುದಿಲ್ಲ.

ಕಿವಿಯ ನರದ ಗಡ್ಡೆಯಲ್ಲೂ ಅರಾಕ್ನಾಯ್ಡೇ ಸರ್ಜನ್ನನ ದಾರಿಗುರುತು. ಬೆಳೆಯುತ್ತಾ ಬಂದ ಗಡ್ಡೆ ಪೊರೆಯನ್ನು ತನ್ನ ಮೇಲೇ ಮಡಚಿಕೊಂಡಿರುತ್ತದೆ. ಆ ಮಡಿಕೆಯ ಸರಿಯಾದ ಪದರ ಸಿಕ್ಕಿದರೆ ಮಿದುಳುಕಾಂಡ, ಮುಖದ ನರ ಎರಡೂ ಆಚೆ ಉಳಿಯುತ್ತವೆ. ತಪ್ಪಿದರೆ ರೋಗಿಯ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾದೀತು. ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆ ತೆಗೆಯುವಾಗ ಅದೇ ಪೊರೆ ಮೇಲಿನಿಂದ ಕೆಳಗಿಳಿದು ಬರುತ್ತದೆ. ಆಗ ಅದನ್ನು ಮುಟ್ಟದೆ ಬಿಡುವುದೇ ಜಾಣತನ. ಹರಿದರೆ ಮೂಗಿನಿಂದ ಮಿದುಳಿನ ನೀರು ಸೋರುತ್ತದೆ, ಹಿಂದೆಯೇ ಮೆನಿಂಜೈಟಿಸ್ ಭಯ. ಒಂದು ಕಡೆ ಬಿಡಿಸಬೇಕು, ಒಂದು ಕಡೆ ಹಿಂಬಾಲಿಸಬೇಕು, ಇನ್ನೊಂದು ಕಡೆ ಸುಮ್ಮನೆ ಬಿಡಬೇಕು.

ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ ನರಶಸ್ತ್ರವೈದ್ಯ ಆಲ್ಬರ್ಟ್ ರೋಟನ್ ಇದನ್ನೆಲ್ಲ ಕಣ್ಣಿಗೆ ಕಾಣಿಸಲೆಂದು ದಾನವಾಗಿ ಬಂದ ತಲೆಗಳ ಅಪಧಮನಿಗಳಿಗೆ ಕೆಂಪು, ಅಭಿಧಮನಿಗಳಿಗೆ ನೀಲಿ ತುಂಬಿ, ದಶಕಗಳ ಕಾಲ ಮೈಕ್ರೊಸ್ಕೋಪಿನಡಿ ಬಿಡಿಸಿ ಫೋಟೊ ತೆಗೆಸಿದರು. ಅವರು 2016ರಲ್ಲಿ ತೀರಿಕೊಂಡರು. ಆ ಚಿತ್ರಗಳ ಸಂಗ್ರಹ ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆ. ವೈದ್ಯರಲ್ಲದವರೂ ಒಮ್ಮೆ ನೋಡಿ. ಊಟಕ್ಕೆ ಕೂರುವ ಮುಂಚೆ ಮಾತ್ರ ಬೇಡ.