ಚಳಿ ಬಿಡದ ಎಂಜಿನ್ನು

41 05 66.

ನೆಲಮಂಗಲದಲ್ಲಿ ಕುಣಿಗಲ್ ರಸ್ತೆಗೆ ಹೊರಳಿ ಕಾಲು ಗಂಟೆಯಾಗಿತ್ತು. ಪಕ್ಕದ ಸೀಟಿನಲ್ಲಿ ಟ್ಯಾಬ್ಲೆಟ್ ಹಿಡಿದು ಕೂತಿದ್ದ ತಂಗಿಯ ಮಗ ಇದನ್ನು ಓದಿ, "ಇದೇನು ಮಾವ, ಯಾರದಾದರೂ ಫೋನ್ ನಂಬರಾ?" ಎಂದ. ಅಲ್ಲ ಮಾರಾಯ, ಎಂಜಿನ್ನಿನ ಮೈಬಿಸಿ ಅಂದೆ. ಟ್ಯಾಬ್ಲೆಟ್ಟು 01 05 ಎಂದು ಕೇಳುತ್ತದೆ. ಎಂಜಿನ್ನಿನ ಕಂಪ್ಯೂಟರು ಪ್ರಶ್ನೆಯ ಮೊದಲ ಅಂಕಿಗೆ 40 ಸೇರಿಸಿ, 41 05 ಎಂದು ಓಗೊಟ್ಟು, ಉತ್ತರವನ್ನು ಕೊನೆಯಲ್ಲಿಡುತ್ತದೆ. ಆ 66 ಹದಿನಾರರ ಲೆಕ್ಕದ್ದು. ಹದಿನಾರಾರ್ಲಿ ತೊಂಬತ್ತಾರು, ಮೇಲೊಂದು ಆರು, ಒಟ್ಟು 102. ಅದರಲ್ಲಿ 40 ಕಳೆಯಬೇಕು; ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಮೈನಸ್ ಗುರುತಿಲ್ಲದೆ ಹೇಳಲೆಂದು ಮಾಡಿಕೊಂಡ ಉಪಾಯ ಅದು. ಉಳಿದದ್ದು 62 ಡಿಗ್ರಿ. ಆ್ಯಪಿನ ಬೇರೆ ಪುಟಕ್ಕೆ ಹೋದರೆ 62 ಎಂದೇ ದೊಡ್ಡದಾಗಿ ಬರೆದಿರುತ್ತದೆ, ನಿಜ. ನನಗೆ ಹಸಿ ಅಂಕಿ ನೋಡುವ ಚಟ.

ಎಂಬತ್ತರ ವೇಗದಲ್ಲಿ ಅರ್ಧ ಗಂಟೆ ಓಡಿದ ಪೆಟ್ರೋಲ್ ಎಂಜಿನ್ನಿನ ಕೂಲೆಂಟು 85-90 ಡಿಗ್ರಿಯಲ್ಲಿ ನಿಂತಿರಬೇಕು. ನಮ್ಮದು ಹೊರಗಿನ ಸುಡುಬಿಸಿಲಿನಲ್ಲೂ ಚಳಿ ಹಿಡಿದವರ ಹಾಗೆ ಮುದುರಿಕೊಂಡಿತ್ತು.

ಈ ಗಾಡಿ 2014ರ ಹ್ಯಾಚ್‌ಬ್ಯಾಕು, ನಾನು ಮೂರನೆಯ ಮಾಲೀಕ. ಲೀಟರಿಗೆ ಹದಿನೇಳು ಕೊಡಬೇಕಾದದ್ದು ಹದಿಮೂರಕ್ಕೆ ನಿಂತಿತ್ತು. ಚೆಕ್ ಎಂಜಿನ್ ಲೈಟು ಹೊತ್ತಿರಲಿಲ್ಲ. ಒಂದು ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಕೋಡ್ ಏನೂ ಇಲ್ಲವೆಂದರು; ಇನ್ನೊಂದು ಕಡೆ ಸ್ಕ್ಯಾನರನ್ನೂ ಹಾಕದೆ ಆಕ್ಸಿಜನ್ ಸೆನ್ಸರ್ ಬದಲಿಸೋಣ ಎಂದರು. ಎರಡು ಕಡೆಯೂ ಗಾಡಿಯನ್ನು ನಿಲ್ಲಿಸಿಕೊಂಡೇ ನೋಡಿದ್ದರು. ಅದರ ಕಾಯಿಲೆ ಓಡುವಾಗ ಮಾತ್ರ ಬರುವಂಥದ್ದು.

ಓಡುವಾಗ ನೋಡಲು ಬೇಕಾದ ಸಾಮಾನು ತೀರಾ ಚಿಕ್ಕದು. ಸ್ಟೀರಿಂಗಿನ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ ಹದಿನಾರು ಪಿನ್ನಿನ ಒಂದು ಕಿಂಡಿ ಇರುತ್ತದೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದಪ್ಪದ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನಲ್ಲಿ ಜೋಡಿಸಿಕೊಂಡರೆ ಆಯಿತು. ಪಾಸ್‌ವರ್ಡ್ ಕೇಳಿದರೆ ಬಹುಪಾಲು 1234, ಇಲ್ಲವೇ 0000. ಟಾರ್ಕ್, ಕಾರ್ ಸ್ಕ್ಯಾನರ್, ಓಬಿಡಿ ಫ್ಯೂಷನ್, ಯಾವ ಆ್ಯಪ್ ಆದರೂ ನಡೆಯುತ್ತದೆ. ಐಫೋನಿನವರಿಗೆ ಮಾತ್ರ ಒಂದು ತಾಪತ್ರಯ: ಹಳೆಯ ಬಗೆಯ ಬ್ಲೂಟೂತ್ ಡಾಂಗಲ್ಲುಗಳನ್ನು ಅದು ಹತ್ತಿರ ಸೇರಿಸುವುದಿಲ್ಲ. ವೈಫೈ ಇರುವುದೋ ಬ್ಲೂಟೂತ್ ಲೋ ಎನರ್ಜಿ ಇರುವುದೋ ಆಗಬೇಕು.

ಡಾಂಗಲ್ಲಿನೊಳಗಿನ ಚಿಪ್ಪಿನದೇ ಒಂದು ಕಥೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿ ಎಲ್ಮ್327 ಎಂಬ ದುಭಾಷಿ ಚಿಪ್ ಮಾಡಿತು. ಒಂದೊಂದು ಕಂಪನಿಯ ಕಾರು ಒಂದೊಂದು ರೀತಿ ಆಡುವ ಮಾತನ್ನು ಅದು ಸಾದಾ ಅಕ್ಷರಗಳಿಗೆ ಇಳಿಸಿಕೊಡುತ್ತಿತ್ತು. ಹಳೆಯ ಟೆಲಿಫೋನ್ ಮೋಡೆಮ್ಮುಗಳ ಹಾಗೆ ಎಟಿ ಎಂದು ಶುರುವಾಗುವ ಅಪ್ಪಣೆಗಳಿಗೆ ಅದು ತಲೆಯಾಡಿಸುತ್ತದೆ. ಮೊದಲ ಆವೃತ್ತಿಯ ಪ್ರೋಗ್ರಾಮಿಗೆ ಬೀಗ ಹಾಕಲು ಅವರು ಮರೆತರೋ ಬೇಡವೆಂದರೋ, ನಕಲು ಮಾಡುವವರಿಗೆ ಹಬ್ಬವಾಯಿತು. ಎಸ್‌ಪಿ ರೋಡಿನಲ್ಲಿ ಐನೂರರ ಆಸುಪಾಸಿಗೆ ಸಿಗುವುದೆಲ್ಲ ಆ ಸಂತಾನವೇ. ಎಷ್ಟೋ ನಕಲುಗಳು ತಮ್ಮನ್ನು 'ಆವೃತ್ತಿ 1.5' ಎಂದು ಪರಿಚಯಿಸಿಕೊಳ್ಳುತ್ತವೆ. ಎಲ್ಮ್ ಕಂಪನಿ ಅಂಥ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ನಕಲುಗಳು ಇನ್ನೂ ಮರಿ ಹಾಕುತ್ತಿವೆ. ನನ್ನ ಹತ್ತಿರ ಇರುವುದೂ ನಕಲಿಯೇ. ಇಂಥವು ಸಲೀಸಾಗಿ ಓದುತ್ತವೆ, ಆದರೆ ಒಂದೇ ಸಲ ಆರೇಳು ಗೇಜು ತೆರೆದರೆ ಏದುಸಿರು ಬಿಡುತ್ತವೆ. ಬೇಕಾದ ಎರಡನ್ನೋ ಮೂರನ್ನೋ ಮಾತ್ರ ಕೇಳಬೇಕು.

ಆ ಕಿಂಡಿಯನ್ನು ನಮ್ಮಂಥವರ ಉಪಕಾರಕ್ಕೆಂದು ಇಟ್ಟಿದ್ದಲ್ಲ. ಲಾಸ್ ಏಂಜಲೀಸಿನ ಹೊಗೆಯಿಂದ ರೋಸಿಹೋದ ಕ್ಯಾಲಿಫೋರ್ನಿಯಾದ ವಾಯುಮಂಡಳಿ, ಹೊಗೆ ಹೆಚ್ಚುವಂಥ ದೋಷವನ್ನು ಕಾರು ತಾನೇ ಪತ್ತೆ ಹಚ್ಚಿ ದೀಪ ಹಚ್ಚಬೇಕೆಂದು ಹಟ ಹಿಡಿಯಿತು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರಿಗೂ ಈಗಿನ ರೂಪ, ಅಂದರೆ ಓಬಿಡಿ-2, ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ಗಾಡಿಗಳಿಗೆ 2010ರಲ್ಲಿ ಓಬಿಡಿ-1, 2013ರ ಏಪ್ರಿಲಿನಿಂದ ಓಬಿಡಿ-2 ಬಂತು. ಹೊಗೆಗಾಗಿ ಹುಟ್ಟಿದ್ದರಿಂದಲೇ ಎಂಜಿನ್ನಿನ ವಿಷಯವನ್ನು ಅದು ಯಾರು ಕೇಳಿದರೂ ಹೇಳುತ್ತದೆ. ಏರ್‌ಬ್ಯಾಗು, ಎಬಿಎಸ್ಸಿನ ಸುದ್ದಿ ಎತ್ತಿದರೆ ಬಾಯಿ ಬಿಗಿಯುತ್ತದೆ. ಅವಕ್ಕೆ ಆಯಾ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರೇ ಬೇಕು.

ಡಾಂಗಲ್ ಕೊಂಡ ಹತ್ತರಲ್ಲಿ ಒಂಬತ್ತು ಮಂದಿ ಮಾಡುವುದು ಒಂದೇ ಕೆಲಸ: ಕೋಡ್ ಓದುವುದು, ಅಳಿಸುವುದು. ದೀಪ ಆರಿತು, ರೋಗ ವಾಸಿಯಾಯಿತು ಎಂದುಕೊಳ್ಳುವುದು. ಪಿ0301 ಬಂದರೆ ಒಂದನೇ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ ಅರ್ಥ. ಪ್ಲಗ್ಗೋ ಕಾಯಿಲ್ಲೋ ಇಂಜೆಕ್ಟರೋ ವಾಲ್ವೋ, ಅದನ್ನು ಕೋಡ್ ಹೇಳುವುದಿಲ್ಲ. ಕೋಡ್ ಬಿದ್ದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಎಂಬುದನ್ನು ಕಂಪ್ಯೂಟರು ಫ್ರೀಜ್ ಫ್ರೇಮ್ ಎಂದು ಬರೆದಿಟ್ಟುಕೊಂಡಿರುತ್ತದೆ. ಅಳಿಸು ಎಂದು ಒತ್ತಿದರೆ ಆ ಟಿಪ್ಪಣಿಯೂ ಹೋಯಿತು. ಅಳಿಸುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡದವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಅಳಿಸಿದ ಗುರುತೂ ಉಳಿಯುತ್ತದೆ, ಅದು ಬೇರೆ ಮಜಾ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಎಷ್ಟೋ ಗಾಡಿಗಳಲ್ಲಿ ಸಿಗುತ್ತದೆ. ಹೋದ ವರ್ಷ ಗೆಳೆಯನ ಜೊತೆ ಸೆಕೆಂಡ್‌ಹ್ಯಾಂಡ್ ಸೆಡಾನ್ ನೋಡಲು ಹೋಗಿದ್ದೆ. ಒಳ್ಳೆಯ ಪಾಲಿಶು, ಹೊಸ ಸೀಟ್ ಕವರು, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ. ಡಾಂಗಲ್ ಸಿಕ್ಕಿಸಿದರೆ 'ಅಳಿಸಿದ ಮೇಲೆ 3 ಕಿ.ಮೀ.' ಮಾರುವವರು "ಸರ್ವಿಸ್ ಮಾಡಿಸಿದ್ವಿ ಸಾರ್, ಅದಕ್ಕೇ" ಅಂದರು. ಇದ್ದರೂ ಇರಬಹುದು. ಗೆಳೆಯ ಟೀ ಕುಡಿದು ಎದ್ದು ಬಂದ.

ನನ್ನ ಗಾಡಿಯಲ್ಲಿ ಅಂಥ ಕಳ್ಳತನ ಏನೂ ಇರಲಿಲ್ಲ, ಇದ್ದದ್ದು ಒಂದು ಗೆರೆ. ಕೂಲೆಂಟಿನ ಬಿಸಿಯನ್ನು ಗ್ರಾಫಿಗೆ ಹಾಕಿ ಮನೆಯಿಂದ ಹೊರಟಿದ್ದೆವು. ಯಶವಂತಪುರದ ಜಾಮಿನಲ್ಲಿ ಗೆರೆ ಮೆಲ್ಲಗೆ ಮೇಲೇರಿ 88 ಮುಟ್ಟಿತು. ಟೋಲ್ ದಾಟಿ ಗಾಳಿ ಬಡಿಯುತ್ತಿದ್ದಂತೆ ಇಳಿಜಾರು: 80, 71, 66, 62. ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಬಿಸಿಯ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕುದಿದರೆ ಕೆಂಪು. ನಡುವೆ ಏನಾದರೂ ಅದಕ್ಕೆ ಸಂಬಂಧವಿಲ್ಲ. ಮುಳ್ಳು ಇರುವ ಗಾಡಿಗಳಲ್ಲೂ, ಮಾಲೀಕರು ಗಾಬರಿಯಾಗದಿರಲಿ ಎಂದು ಅದು ನಡುವೆಯೇ ನಿಲ್ಲುವ ಹಾಗೆ ಮಾಡಿರುವುದುಂಟು.

ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟು ರೇಡಿಯೇಟರಿಗೆ ಹೋಗದಂತೆ ತಡೆಯಲು ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ಒಳಗಿನ ಮೇಣ 82ರ ಹತ್ತಿರ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ವಾಲ್ವ್ ತೆರೆದೇ ಕಚ್ಚಿಕೊಂಡರೆ ಕೂಲೆಂಟು ಸದಾ ರೇಡಿಯೇಟರಿನಲ್ಲೇ ಸುತ್ತುತ್ತದೆ. ನಿಂತ ಟ್ರಾಫಿಕ್ಕಿನಲ್ಲಿ ತಿಳಿಯುವುದಿಲ್ಲ, ಹೈವೇಯಲ್ಲಿ ಮೈ ತಣ್ಣಗಾಗುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ತಿಳಿದು ಕಂಪ್ಯೂಟರು ಒಂದಿಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಎಲ್ಲಿ ಹೋಯಿತು ಎಂಬುದಕ್ಕೆ ಲೆಕ್ಕ ಸಿಕ್ಕಿತು.

ವಾಪಸ್ ಬಂದು ಜೆಸಿ ರೋಡಿನಲ್ಲಿ ವಾಲ್ವ್ ಕೊಂಡೆ, ಆರುನೂರ ಐವತ್ತು ರೂಪಾಯಿ. ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್ ಹೌಸಿಂಗ್ ಬಿಚ್ಚಿ ಒಳಗೆ ಬೆರಳಾಡಿಸಿ ನಕ್ಕರು. ಕಚ್ಚಿಕೊಳ್ಳಲು ಅಲ್ಲಿ ವಾಲ್ವೇ ಇರಲಿಲ್ಲ.

"ಯಾರೋ ತೆಗ್ದುಬಿಟ್ಟಿದಾರೆ ಸಾರ್. ಒಂದು ಕಾಲದಲ್ಲಿ ನಾವೂ ತೆಗೀತಿದ್ವಿ. ನಮ್ಮ ಬಿಸಿಲಿಗೆ ಇದು ಯಾಕೆ ಅಂತ."

"ಈಗ?"

"ಈಗಿನ ಗಾಡಿಗೆ ಗೊತ್ತಾಗ್ತದೆ ಸಾರ್. ಕಾರ್ಬ್ಯುರೇಟರಿಗೆ ಏನು ಗೊತ್ತಾಗ್ತಿತ್ತು, ಪಾಪ."

ಒಂದು ಎಚ್ಚರಿಕೆ ಹೇಳುವುದು ಮರೆತಿದ್ದೆ. ಆ ಕಿಂಡಿಯ ಹದಿನಾರನೇ ಪಿನ್ನಿಗೆ ಬ್ಯಾಟರಿಯ ಕರೆಂಟು ಸದಾ ಹರಿಯುತ್ತದೆ, ಕೀಲಿ ತೆಗೆದರೂ. ಡಾಂಗಲ್ಲನ್ನು ಅಲ್ಲೇ ಬಿಟ್ಟು ಎರಡು ವಾರ ಊರಿಗೆ ಹೋಗಿ ಬಂದು, ಗಾಡಿ ತಳ್ಳಿಸಿ ಸ್ಟಾರ್ಟ್ ಮಾಡಿದ್ದೇನೆ. ಕೆಲಸವಾದ ಮೇಲೆ ಕಿತ್ತು ಗ್ಲೋವ್ ಬಾಕ್ಸಿಗೆ ಹಾಕಿ. ಗಾಡಿ ಓಡಿಸುವವರು ಪರದೆ ನೋಡಬೇಡಿ. ಓದಲು ಪಕ್ಕದಲ್ಲಿ ಒಬ್ಬರಿರಲಿ.

ಹೋದ ಭಾನುವಾರ ಅದೇ ರಸ್ತೆ, ಓದುವವನೂ ಅದೇ ಹುಡುಗ. ಕುಣಿಗಲ್ ಹತ್ತಿರ "41 05 7ಎಫ್" ಎಂದು ಓದಿ ತಾನೇ ಬೆರಳು ಮಡಚಿದ: ಹದಿನಾರೇಳ್ಲಿ ನೂರಾಹನ್ನೆರಡು, ಎಫ್ ಅಂದರೆ ಹದಿನೈದು, ನೂರಿಪ್ಪತ್ತೇಳು, ನಲವತ್ತು ಹೋದರೆ ಎಂಬತ್ತೇಳು. ಆಮೇಲೆ ಗ್ರಾಫ್ ತೆರೆದ. ಗೆರೆ ಎಂಬತ್ತೇಳರಲ್ಲಿ ಮಲಗಿತ್ತು. ಎಂಬತ್ತಾರಾಯಿತು, ಮತ್ತೆ ಎಂಬತ್ತೇಳು. ಎಡೆಯೂರು ಬರುವ ಹೊತ್ತಿಗೆ ಅವನು ಬೇಜಾರಾಗಿ ಟ್ಯಾಬ್ಲೆಟ್ಟನ್ನು ಬದಿಗಿಟ್ಟು ನಿದ್ದೆ ಹೋಗಿದ್ದ.